ಮೇಜಿನ ಈ ಕಡೆ ಒಬ್ಬನೇ

ವಕೀಲರಿಲ್ಲದ ಆರೋಪಿಗೆ ಕೋರ್ಟ್ ಆವರಣದಲ್ಲಿ ಧಾರಾಳವಾಗಿ ಸಿಗುವ ಸಲಹೆ: ‘ತಪ್ಪು ಒಪ್ಕೊಂಡು ದಂಡ ಕಟ್ಟಿ ಮುಗಿಸಪ್ಪ.’ 2006ರ ಜುಲೈನಲ್ಲಿ ಜಾರಿಗೆ ಬಂದ ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪೊಪ್ಪಿಕೊಂಡವನಿಗೆ ಶಿಕ್ಷೆ ಇಳಿಸುವ ಒಪ್ಪಂದ, ಇದಕ್ಕಿಂತ ಮರ್ಯಾದೆಯ ದಾರಿ ತೋರಬೇಕಿತ್ತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಅದು ಅನ್ವಯ. ಮಹಿಳೆಯರು, ಮಕ್ಕಳ ಮೇಲಿನ ಅಪರಾಧಗಳು ಹೊರಗೆ. ಈಗದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 23ನೇ ಅಧ್ಯಾಯ.

ಈ ಅಧ್ಯಾಯಕ್ಕೆ ಎಚ್ಚರ ಇಲ್ಲದಿಲ್ಲ. ನ್ಯಾಯಾಧೀಶರು ಆರೋಪಿಯನ್ನು ಒಬ್ಬನನ್ನೇ ಕೂರಿಸಿಕೊಂಡು, ಇದು ನಿನ್ನ ಸ್ವಂತ ಇಚ್ಛೆಯೇ ಎಂದು ಕೇಳಬೇಕು. ಎಂಬತ್ತರ ದಶಕದ ಆರಂಭದಲ್ಲಿ ನಮ್ಮದೇ ರಾಜ್ಯದ ತಿಪ್ಪೇಸ್ವಾಮಿ ಪ್ರಕರಣದಲ್ಲಿ, ಆಶ್ವಾಸನೆ ಕೊಟ್ಟು ತಪ್ಪೊಪ್ಪಿಸಿ ಆಮೇಲೆ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆ ಭಯ ಇಲ್ಲಿ ಕೆಲಸ ಮಾಡಿದೆ.

ಆದರೆ ಇದಕ್ಕಾಗಿ ಆರೋಪಿ ಅರ್ಜಿಯ ಜೊತೆ ಕೊಡಬೇಕಾದ ಅಫಿಡವಿಟ್ ಓದಿ ನೋಡಿ. ಕಾನೂನಿನಲ್ಲಿರುವ ಶಿಕ್ಷೆ ಏನು, ಎಷ್ಟು ಎಂಬುದು ತನಗೆ ಗೊತ್ತು ಎಂದು ಆರೋಪಿ ಪ್ರಮಾಣ ಮಾಡಬೇಕು. ತನ್ನ ಮೇಲಿನ ಸಾಕ್ಷ್ಯ ಗಟ್ಟಿಯೋ ಜೊಳ್ಳೋ ಎಂಬುದು ಗೊತ್ತೇ? ಅದನ್ನು ಯಾರೂ ಕೇಳುವುದಿಲ್ಲ. ಚೌಕಾಸಿಯ ಬಂಡವಾಳವೆಲ್ಲ ಇರುವುದು ಅಲ್ಲೇ. ಕಳ್ಳತನಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಒಪ್ಪಂದವಾದರೆ ಅದರ ಕಾಲುಭಾಗ ಒಂಬತ್ತು ತಿಂಗಳು, ಮೊದಲ ಸಲದವನಿಗೆ ಆರನೇ ಒಂದು ಭಾಗ, ಆರು ತಿಂಗಳು. ಅಷ್ಟು ದಿನ ಆಗಲೇ ಜೈಲಿನಲ್ಲಿ ಕಳೆದವನಿಗೆ ಇದು ಬಿಡುಗಡೆಯ ಬಾಗಿಲು. ಪಂಚನಾಮೆಯಲ್ಲೇ ತೂತಿದ್ದು, ವಿಚಾರಣೆ ನಡೆದರೆ ಖುಲಾಸೆಯಾಗಬಹುದಾದವನಿಗೆ ಮಾತ್ರ ಶುದ್ಧ ನಷ್ಟ. ಚಾರ್ಜ್‌ಶೀಟ್ ಪ್ರತಿ ಪುಕ್ಕಟೆ ಸಿಗುತ್ತದೆ, ಸರಿ. ಆ ತೂತನ್ನು ಕಾಣುವ ಕಣ್ಣು ಸಿಗಬೇಕಲ್ಲ! ಅರ್ಜಿಗಿರುವ ಗಡುವೋ, ಆರೋಪ ನಿಗದಿಯಾದ ದಿನದಿಂದ 30 ದಿನ.

ಇನ್ನು ಒಪ್ಪಂದ ಕುದುರಿಸುವ ಸಭೆ. ಪಬ್ಲಿಕ್ ಪ್ರಾಸಿಕ್ಯೂಟರ್, ತನಿಖೆ ಮಾಡಿದ ಪೊಲೀಸ್ ಅಧಿಕಾರಿ, ನೊಂದವರು, ಆರೋಪಿ. ವಕೀಲರು? ಇದ್ದರೆ, ಆರೋಪಿ ಬಯಸಿದರೆ ಜೊತೆಗೆ ಬರಬಹುದು. ಇಡೀ ಅಧ್ಯಾಯದ ದೊಡ್ಡ ದೋಷ ನನ್ನ ಪ್ರಕಾರ ಈ ಸಣ್ಣ ವಾಕ್ಯ. ಅಮೆರಿಕದ ಪ್ರಾಸಿಕ್ಯೂಟರ್‌ಗೆ ಆರೋಪವನ್ನೇ ಇಳಿಸುವ, ಕೈಬಿಡುವ ಅಧಿಕಾರವಿದೆ. ಒಬ್ಬಂಟಿಯೂ ಅಲ್ಲಿ ಏನನ್ನಾದರೂ ಕೇಳಬಹುದು. ನಮ್ಮ ಪಿ.ಪಿ. ಕೈಯಲ್ಲಿ ಅಂಥದ್ದಿಲ್ಲ, ಶಿಕ್ಷೆ ಕೋರ್ಟಿನದು. ಹೀಗಾಗಿ ಮಾತೆಲ್ಲ ಪರಿಹಾರದ ಮೊತ್ತದ ಸುತ್ತ ತಿರುಗುತ್ತದೆ, ಹಣವಿಲ್ಲದವನು ಅಲ್ಲೂ ಸೋಲುತ್ತಾನೆ. ಅರ್ಜಿಯಲ್ಲಿ ಹೇಳಿದ್ದನ್ನು ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ ಎಂಬ ರಕ್ಷಣೆ ಒಳ್ಳೆಯದೇ. ಆದರೆ ಮಾತು ಮುರಿದರೆ ನಾಳೆ ಸಾಕ್ಷಿ ಹೇಳುವವರು ಅದೇ ಅಧಿಕಾರಿ, ಅವರ ಕಿವಿಗೆ ಬಿದ್ದದ್ದನ್ನು ಯಾವ ಕಲಂ ಅಳಿಸೀತು? ಒಪ್ಪಂದವಾಗಿ ತೀರ್ಪು ಬಂತೋ, ಮಾಮೂಲಿ ಮೇಲ್ಮನವಿಯೂ ಇಲ್ಲ.

1987ರ ಕಾನೂನು ಸೇವೆಗಳ ಕಾಯ್ದೆ ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರ ಹಕ್ಕು ಕೊಟ್ಟಿದೆ. ತಾಲ್ಲೂಕು ಸಮಿತಿಯ ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಚಾರ್ಜ್‌ಶೀಟ್ ಓದಿ ಆರೋಪಿಗೆ ತಿಳಿಸಿದ್ದೇನೆ ಎಂದು ಅಲ್ಲಿನ ವಕೀಲರೊಬ್ಬರು ಸಹಿ ಹಾಕದ ಅಫಿಡವಿಟ್ಟನ್ನು ನ್ಯಾಯಾಧೀಶರು ಸ್ವೀಕರಿಸಲೇಬಾರದು.