ಪೇಟೆ ಅಂಗಡಿ ಬರೆದಿಡುವವರಿಗೆ ಹತ್ತು ಸಾಲು: ಒಂದು ವ್ಯಾಖ್ಯಾನ

ನಮ್ಮ ಕಡೆಯ ಹಳೆ ಮನೆಗಳನ್ನು ಜನ ಬಂದು ನೋಡುತ್ತಾರೆ, ಕಂಬ ಮುಟ್ಟುತ್ತಾರೆ, ಜಗಲಿಯ ಫೋಟೊ ತೆಗೆಯುತ್ತಾರೆ. ದೇವಸ್ಥಾನಕ್ಕೆ ಸ್ಥಳಪುರಾಣವಾದರೂ ಇರುತ್ತದೆ. ಪೇಟೆಯ ಕಿರಾಣಿ ಅಂಗಡಿ, ಚಹಾದ ಹೊಟೆಲು, ಅಡಿಕೆ ವಖಾರಿ, ಸೊಸೈಟಿ ಕಟ್ಟಡಗಳಿಗೆ ಇದು ಯಾವುದೂ ಇಲ್ಲ. ಊರಿನವರೆಲ್ಲ ದಿನವೂ ಹತ್ತಿ ಇಳಿದ ಮೆಟ್ಟಿಲು ಅವುಗಳದ್ದೇ. ಒಂದು ಬೇಸಿಗೆಯಲ್ಲಿ ಬಿಚ್ಚಿ ಇನ್ನೊಂದು ಬೇಸಿಗೆಯೊಳಗೆ ಸ್ಲ್ಯಾಬ್ ಹಾಕಿದರೆ, ಮೊದಲು ಅಲ್ಲಿ ಏನಿತ್ತೆಂದು ಹೇಳಲು ಹಿರಿಯರ ನೆನಪು ಮಾತ್ರ ಉಳಿಯುತ್ತದೆ. ಯಲ್ಲಾಪುರ ತಾಲೂಕಿನ ವಜ್ರಳ್ಳಿಯಂಥ ಸಣ್ಣ ಪೇಟೆಯಲ್ಲಿ ಇಂಥ ಕಟ್ಟಡಗಳನ್ನು ಬರೆದಿಡಲು ಹೊರಡುವ ಹುಡುಗ ಹುಡುಗಿಯರ ಕೈಗೆ ಕೊಡಲೆಂದು ಕೆಳಗಿನ ಹತ್ತು ಸಾಲು ಬರೆದೆ. ಸಾಲು ಚಿಕ್ಕವಾದ್ದರಿಂದ ಜೊತೆಗೆ ವಿವರಣೆಯನ್ನೂ ಸೇರಿಸಿದ್ದೇನೆ.

1. ಕಟ್ಟಡಕ್ಕಿಂತ ಮೊದಲು ದಾರಿಯನ್ನು ಬರೆ.

ಮನೆ ತೋಟದ ಕಡೆ ಮುಖ ಮಾಡಿದರೆ ಅಂಗಡಿ ದಾರಿಯ ಕಡೆ ಮುಖ ಮಾಡುತ್ತದೆ. ಹೀಗಾಗಿ ಯಾವ ದಾರಿ, ಅದು ಎಲ್ಲಿಂದ ಎಲ್ಲಿಗೆ, ಯಾವ ಸಾಮಾನು ಅದರ ಮೇಲೆ ಬರುತ್ತಿತ್ತು ಎಂಬುದು ದಾಖಲೆಯ ಮೊದಲ ಪುಟದಲ್ಲೇ ಬರಬೇಕು. ಯಲ್ಲಾಪುರ ತಾಲೂಕಿನ ಪೇಟೆಗಳೆಲ್ಲ ಘಟ್ಟದ ದಾರಿಯ ಮಕ್ಕಳು. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಈ ಘಟ್ಟಗಳನ್ನು ಇಳಿದು ಕುಮಟೆ, ಕಾರವಾರದ ಬಂದರು ಸೇರುತ್ತಿತ್ತು. ವಜ್ರಳ್ಳಿ ಇರುವುದು ಅಂಕೋಲೆ–ಹುಬ್ಬಳ್ಳಿ ಹೆದ್ದಾರಿಯ ಇಡಗುಂದಿಯಿಂದ ಒಳಗೆ ತಿರುಗಿ ಕೈಗಾ ಕಡೆಗೆ ಹೋಗುವ ದಾರಿಯಲ್ಲಿ. ಕೈಗಾದ ಅಣುವಿದ್ಯುತ್ ಸ್ಥಾವರ 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಇಂಥ ದೊಡ್ಡ ಕೆಲಸವೊಂದು ದಾರಿಯ ತುದಿಯಲ್ಲಿದ್ದರೆ ಆ ದಾರಿಯ ಅಂಗಡಿಗೆ ಬರುವ ಗಿರಾಕಿಯೂ ಬದಲಾಗುತ್ತಾನೆ, ಕಟ್ಟಡ ಸಾಮಾನಿನ ಲಾರಿಯೂ ಬದಲಾಗುತ್ತದೆ. ಅದನ್ನು ಅಂಗಡಿಯವರನ್ನೇ ಕೇಳಿ ಬರೆದುಕೊಳ್ಳಬೇಕು.

ಇಲ್ಲಿ ಒಂದು ಅಳತೆ ತಪ್ಪಬಾರದು. ರಸ್ತೆಯಿಂದ ಅಂಗಡಿಯ ಜಗಲಿಗೆ ಎಷ್ಟು ಎತ್ತರ? ಡಾಂಬರಿನ ಮೇಲೆ ಡಾಂಬರು ಬಿದ್ದಂತೆ ರಸ್ತೆ ಏರುತ್ತದೆ, ಜಗಲಿ ಇದ್ದಲ್ಲೇ ಇರುತ್ತದೆ. ಮೊದಲು ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಅಂಗಡಿಗೆ ಈಗ ಒಂದೇ ಮೆಟ್ಟಿಲೆಂದರೆ ಉಳಿದ ಎರಡು ರಸ್ತೆಯ ಅಡಿಯಲ್ಲಿವೆ. ಮಳೆನೀರು ಒಳಗೆ ನುಗ್ಗಲು ಶುರುವಾಗಿ, ಮಾಲೀಕರು ಕಟ್ಟಡವನ್ನೇ ಬಿಚ್ಚಿಸಲು ಇದೂ ಕಾರಣವಾಗುವುದುಂಟು.

2. ಅಂಗಡಿಯ ಹೆಸರನ್ನಲ್ಲ, ನಿಂತ ಜಾಗವನ್ನು ಗುರುತಿಸು.

ಹೆಸರು ಮೂರು ಸಲ ಬದಲಾಗಿರಬಹುದು, ವ್ಯಾಪಾರ ಐದು ಸಲ. ನಿನ್ನೆಯ ಚಹಾ ಹೊಟೆಲು ಇವತ್ತು ಮೊಬೈಲ್ ಅಂಗಡಿ. ಪೇಟೆಯ ನಕ್ಷೆಯೊಂದನ್ನು ಕೈಯಲ್ಲೇ ಬರೆದು, ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಕೆಳಗೆ ಎಲ್ಲ ಹೆಸರುಗಳನ್ನೂ ಸರದಿಯಂತೆ ಬರೆದರೆ ಸಾಕು.

3. ಬಿಚ್ಚುವ ದಿನವೇ ಹೋಗು.

ಈ ಹತ್ತರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಗಿಲಾವು ಮಾಡಿ ಬಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ದುರಸ್ತಿಗೆಂದು ಹಂಚು ಇಳಿಸಿ, ಪಕಾಸು ರೀಪು ಕಿತ್ತು, ಗೋಡೆಯ ಸಿಪ್ಪೆ ತೆಗೆದ ಆ ಎಂಟು ಹತ್ತು ದಿನ ಮಾತ್ರ ಕಟ್ಟಡದ ಹೊಟ್ಟೆಯೊಳಗೆ ಏನಿದೆಯೆಂದು ಕಾಣುತ್ತದೆ. ಹಳೆ ಬಾಗಿಲನ್ನು ಮುಚ್ಚಿ ಗೋಡೆ ಮಾಡಿದ ಗುರುತು, ಒಂದು ಕೋಣೆ ಆಮೇಲೆ ಸೇರಿದ್ದೆಂದು ತೋರಿಸುವ ಕಲ್ಲಿನ ಸಂದು, ಕೆಳಗಿನ ಪದರದಲ್ಲಿ ಉಳಿದ ಕಾವಿ ಬಣ್ಣ ಆಗ ಮಾತ್ರ ಸಿಗುತ್ತವೆ. ಮೇಸ್ತ್ರಿ ಸಿಮೆಂಟು ಕಲಸಲು ಕೂತನೆಂದರೆ ಸಮಯ ಮುಗಿಯಿತು.

ಪರಂಪರೆಯ ದಾಖಲೆಯೆಂದರೆ ಚಂದವಾಗಿ ನಿಂತ ಕಟ್ಟಡದ ಎದುರು ನಿಂತು ಫೋಟೊ ತೆಗೆಯುವುದು ಎಂಬ ಭಾವನೆ ಬಲವಾಗಿದೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಅರ್ಧ ಬಿಚ್ಚಿದ ಅಂಗಡಿಯ ಒಂದು ಫೋಟೊಕ್ಕೆ ನಿಂತ ಅಂಗಡಿಯ ಇಪ್ಪತ್ತು ಫೋಟೊ ಸಮವಲ್ಲ. ಅದನ್ನು ನಾವೇ ತೆಗೆಯಬೇಕು, ಏಕೆಂದರೆ ದೊಡ್ಡ ಕೆಲಸಗಳಿಗೆ ಮಾತ್ರ ಕಾಗದ ತಾನಾಗಿಯೇ ಉಳಿಯುತ್ತದೆ. 1994ರ ಮೇ ತಿಂಗಳಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ರಿಯಾಕ್ಟರಿನ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ತನಿಖೆ ನಡೆಯಿತು, ವಿನ್ಯಾಸ ಬದಲಿಸಿ ಗುಮ್ಮಟವನ್ನು ಮತ್ತೆ ಕಟ್ಟಿದರು. ಅದೆಲ್ಲ ಇಂದಿಗೂ ಓದಲು ಸಿಗುತ್ತದೆ. ಅದೇ ದಾರಿಯ ಕಿರಾಣಿ ಅಂಗಡಿಯ ಮಾಡು ಕುಸಿದರೆ, ಏಕೆ ಕುಸಿಯಿತು, ಹೇಗೆ ಎತ್ತಿ ನಿಲ್ಲಿಸಿದರು ಎಂದು ಬರೆಯುವವರು ಊರಿನವರೇ ಆಗಬೇಕು.

ಹೋಗುವಾಗ ಟೇಪು, ಪೆನ್ಸಿಲು, ಚೌಕುಳಿ ಪುಸ್ತಕ, ಫೋನು ಸಾಕು. ಮಾಲೀಕರಿಗೆ ಮೊದಲೇ ಹೇಳಿಟ್ಟಿರಬೇಕು. ಮಾಡಿನ ಕೆಳಗೆ ನಿಲ್ಲುವ ಮೊದಲು ಕೆಲಸದವರನ್ನು ಕೇಳಬೇಕು.

4. ಹಂಚನ್ನು ತಿರುಗಿಸಿ ಓದು, ಓದಿದ್ದನ್ನು ನಂಬುವ ಮೊದಲು ಯೋಚಿಸು.

ಮಾಡು ಅಂಗಡಿಯಲ್ಲಿ ಎಲ್ಲಕ್ಕಿಂತ ಬೇಗ ಬದಲಾಗುವ ಭಾಗ. ಕರಡ ಇಲ್ಲವೇ ಸೋಗೆ, ಆಮೇಲೆ ನಾಡಹಂಚು, ಆಮೇಲೆ ಮಂಗಳೂರು ಹಂಚು, ಈಗ ಬಣ್ಣದ ತಗಡಿನ ಶೀಟು ಅಥವಾ ಸ್ಲ್ಯಾಬ್. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಅದರ ಹಿಂದೆಯೇ ಬೇರೆಯವರೂ ತೆರೆದರು. ಈ ಹಂಚುಗಳ ಮೈಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಕೆಲವುದರ ಮೇಲೆ 1865 ಎಂದೇ ಇರುತ್ತದೆ. ಅದನ್ನು ಕಂಡ ಕೂಡಲೇ ‘ಅಂಗಡಿಗೆ ನೂರೈವತ್ತು ವರ್ಷ’ ಎಂದು ಬರೆದುಬಿಡುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಹೆಸರು ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು, ಕೊನೆಗೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಟ್ರಸ್ಟಿನ ಹೆಸರಿರುವ ಹಂಚು ಆ ಯುದ್ಧಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಅದರಲ್ಲೂ ಒಂದು ಎಚ್ಚರ ಬೇಕು. ಹಂಚು ಊರಿಂದೂರಿಗೆ, ಮಾಡಿನಿಂದ ಮಾಡಿಗೆ ಓಡಾಡುವ ಸಾಮಾನು. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹಂಚು ಸಿಕ್ಕರೆ, ಒಡೆದದ್ದನ್ನು ವರ್ಷವರ್ಷ ಬದಲಿಸುತ್ತ ಬಂದಿದ್ದಾರೆ ಎಂದು ತಿಳಿಯಬೇಕು. ಯಾವ ಮೂಲೆಯಲ್ಲಿ ಯಾವುದು ಎಷ್ಟಿದೆ ಎಂದು ನಕ್ಷೆಯಲ್ಲಿ ಗುರುತು ಮಾಡಿದರೆ ಹಂಚು ಒಡೆಯುವ ಮಂಗಗಳು ಯಾವ ಕಡೆಯಿಂದ ಹಾರುತ್ತಿದ್ದವು ಎಂಬುದೂ ತಿಳಿದೀತು.

5. ಕಲ್ಲಿನ ಜೊತೆ ಕಲ್ಲಿನ ನಡುವಿನದನ್ನೂ ನೋಡು.

ಚಿರೇಕಲ್ಲು ನೆಲದಿಂದ ಎತ್ತಿದಾಗ ಮೆತ್ತಗೆ, ಗಾಳಿಗೆ ಬಿದ್ದಮೇಲೆ ಗಟ್ಟಿ. ಕೈಯಲ್ಲಿ ಕಡಿದ ಕಲ್ಲಿನ ಮೇಲೆ ಪಿಕಾಸಿಯ ಏಟು ಓರೆಯಾಗಿ ಕಾಣುತ್ತದೆ. ಯಂತ್ರದಲ್ಲಿ ಕೊಯ್ದದ್ದರ ಮೈ ಸಪಾಟು. ನಡುವೆ ಇರುವುದು ಮಣ್ಣೋ, ಕರಾವಳಿಯ ಚಿಪ್ಪಿನ ಸುಣ್ಣವೋ, ಸಿಮೆಂಟೋ? ಸಿಮೆಂಟಾದರೆ ಮರಳು ಹೊಳೆಯದೋ ಎಂ-ಸ್ಯಾಂಡೋ? ಕೆಳಗಿನ ವರಸೆ ಮಣ್ಣಿನದಾಗಿ ಮೇಲಿನದು ಸಿಮೆಂಟಿನದಾಗಿದ್ದರೆ ಗೋಡೆ ಎರಡು ಕಾಲದ್ದು.

6. ಮರವನ್ನು ‘ಮರ’ ಎಂದು ಬರೆಯಬೇಡ.

ಸಾಗವಾನಿ, ಬೀಟೆ, ಮತ್ತಿ, ಹೊನ್ನೆ, ನಂದಿ, ಕಿಂದಳ, ಹಲಸು ಎಂದು ಹೆಸರು ಹಿಡಿದು ಬರೆಯಬೇಕು. ಗೊತ್ತಾಗದಿದ್ದರೆ ಬಡಿಗ ಆಚಾರಿಯವರನ್ನು ಕೇಳಬೇಕು. ಅವರು ಕೊಯ್ದ ಮೈ ಮೂಸಿಯೂ ಹೇಳುತ್ತಾರೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಆಚೀಚೆಗೆ ಮಲೆನಾಡಿನ ಕಟ್ಟಡ ಮರದ ಕತೆಯೇ ಬದಲಾಯಿತು. ದೊಡ್ಡ ತೊಲೆ ಹೊಸದಾಗಿ ಸಿಗುವುದು ಕಷ್ಟವಾಗಿ ಹಳೆ ತೊಲೆಗೆ ಬೆಲೆ ಬಂತು. ತೊಲೆಯಲ್ಲಿ ಈಗ ಉಪಯೋಗವಿಲ್ಲದ ತೂತು, ಕಚ್ಚು ಇದ್ದರೆ ಅದು ಇನ್ನೊಂದು ಕಟ್ಟಡದಿಂದ ಬಂದದ್ದು. ಎಲ್ಲಿಂದ ಬಂತೆಂದು ಕೇಳಿದರೆ ಬಿದ್ದುಹೋದ ಇನ್ನೊಂದು ಮನೆಯ ವಿಷಯವೂ ಸಿಗುತ್ತದೆ.

7. ಬಾಗಿಲು ಬದಲಾದಲ್ಲಿ ವ್ಯಾಪಾರವೂ ಬದಲಾಗಿದೆಯೇ ಎಂದು ಕೇಳು.

ಸಂಖ್ಯೆ ಬರೆದ ಹಲಗೆಗಳನ್ನು ಒಂದೊಂದಾಗಿ ಚೌಕಟ್ಟಿನ ಸೀಳಿನಲ್ಲಿ ಇಳಿಸಿ ಮುಚ್ಚುವ ಬಾಗಿಲು ಹಳೆ ಅಂಗಡಿಯದು. ಅಂಥ ಅಂಗಡಿಯಲ್ಲಿ ಯಜಮಾನರು ಗಲ್ಲೆಯ ಹಿಂದೆ ನೆಲದಲ್ಲೇ ಕೂರುತ್ತಿದ್ದರು, ಗಿರಾಕಿ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದ. ರೋಲಿಂಗ್ ಶಟರು ಬಂದಾಗ ಜಗಲಿ ಹೋಗುತ್ತದೆ, ಗಿರಾಕಿ ಒಳಗೆ ಬರುತ್ತಾನೆ. ವಖಾರಿಯ ಅಗಲ ಬಾಗಿಲು ಅಡಿಕೆ ಚೀಲಕ್ಕಾಗಿ ಮಾಡಿದ್ದು. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ ಮೇಲೆ ಬೆಳೆಗಾರರು ಚೀಲ ಎಲ್ಲಿ ಇಳಿಸಬೇಕೆಂಬ ಲೆಕ್ಕ ನಿಧಾನವಾಗಿ ಬದಲಾಯಿತು. ಖಾಸಗಿ ವಖಾರಿಯೊಂದು ಗೋದಾಮಾಗಿಯೋ ಬಟ್ಟೆ ಅಂಗಡಿಯಾಗಿಯೋ ಮಾರ್ಪಟ್ಟಿದ್ದರೆ, ಆ ಬದಲಾವಣೆಗೆ ಇದೂ ಒಂದು ಕಾರಣವೇ ಎಂದು ವಿಚಾರಿಸಬೇಕು.

8. ಮಳೆಗಾಲದ ಅಂಗಡಿಯನ್ನು ಬೇರೆಯಾಗಿ ಬರೆ.

ಮಾರ್ಚಿನಲ್ಲಿ ಅಳೆದ ಅಂಗಡಿ ಜುಲೈಯಲ್ಲಿ ಅದೇ ಅಂಗಡಿಯಲ್ಲ. ಮಳೆ ಹೊಡೆಯುವ ಪಡುವಣ, ತೆಂಕಣ ದಿಕ್ಕಿಗೆ ಸೋಗೆ ತಟ್ಟಿ ಏರುತ್ತದೆ, ಅಥವಾ ಈಗಿನಂತೆ ನೀಲಿ ತಾಡಪಾಲು. ಜಗಲಿ ಕತ್ತಲಾಗುತ್ತದೆ, ಸಾಮಾನು ಅಟ್ಟ ಏರುತ್ತದೆ.

ಅಟ್ಟವನ್ನು ಅಳೆಯದೆ ಬಂದರೆ ಅಂಗಡಿಯನ್ನು ಅಳೆದಂತಾಗಲಿಲ್ಲ. ಸಣ್ಣ ಪೇಟೆಯ ಹಳೆ ಅಂಗಡಿಗೆ ಅಷ್ಟು ದೊಡ್ಡ ಅಟ್ಟ ಏಕಿತ್ತು? ಹೊಳೆ ಬಂದು ದಾರಿ ನಿಂತರೆ ಅಕ್ಕಿ, ಉಪ್ಪು, ಬೆಲ್ಲ, ಸೀಮೆಎಣ್ಣೆ ಒಂದೆರಡು ತಿಂಗಳಿಗೆ ಸಾಕಾಗಬೇಕಿತ್ತು. ಸಮುದ್ರದ ನಡುವಿನ ಊರಿಗೂ ಇದೇ ಲೆಕ್ಕ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಜಲ್ಲಿ, ಸಿಮೆಂಟು, ತರಕಾರಿ, ದಿನಸಿ ಹೊತ್ತು ಹೋಗುವ ಮಂಜಿ ಎಂಬ ಸರಕು ದೋಣಿಗಳು ಮಳೆಗಾಲದಲ್ಲಿ ನಿಲ್ಲುತ್ತವೆ. ಅಲ್ಲಿಯ ಕಟ್ಟಡ ಕೆಲಸ ಆ ಬಿಡುವಿನೊಂದಿಗೆ ಹೊಂದಿಕೊಂಡೇ ಸಾಗಬೇಕು. ನಮ್ಮ ಕಾಡೂರುಗಳೂ ವರ್ಷಕ್ಕೊಮ್ಮೆ ನಡುಗಡ್ಡೆಗಳಾಗುತ್ತಿದ್ದವು. ರಸ್ತೆ ಬಂದಮೇಲೆ ಆ ಕಾಲ ಮುಗಿಯಿತೆಂದುಕೊಂಡಿದ್ದೆವು. ಆದರೆ 2021ರ ಜುಲೈಯಲ್ಲಿ ವಜ್ರಳ್ಳಿ ಪಂಚಾಯ್ತಿಯ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ದಾರಿ ಹೋದವು. ಅದೇ ಮಳೆಗೆ ಅರಬೈಲು ಘಟ್ಟದ ಹೆದ್ದಾರಿ ಕುಸಿಯಿತು, ಗಂಗಾವಳಿಯ ಮೇಲಿನ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಆದರೂ ಈಗ ಹೊಸದಾಗಿ ಕಟ್ಟುವ ಅಂಗಡಿಗಳಲ್ಲಿ ಅಟ್ಟವಿಲ್ಲ, ಏಕೆಂದರೆ ಲಾರಿ ವಾರಕ್ಕೆರಡು ಸಲ ಬರುತ್ತದೆ. ಹಳೆಯದರಲ್ಲಿ ಅಟ್ಟ ಎಷ್ಟು ಉದ್ದ, ಎಷ್ಟು ಭಾರ ಹೊರುತ್ತಿತ್ತು, ಎಷ್ಟು ಮೂಟೆ ಹಿಡಿಯುತ್ತಿತ್ತು ಎಂಬ ದಾಖಲೆ ಮುಂದಿನ ಅಂಗಡಿ ಕಟ್ಟುವವರಿಗೆ ನೇರವಾಗಿ ಬೇಕಾಗುವ ತಿಳಿವಳಿಕೆ. ಇದನ್ನು ನಾನು ಹಳತರ ಮೋಹದಿಂದ ಹೇಳುತ್ತಿಲ್ಲ.

9. ಕಾಗದ ಕೇಳು, ಮೀಟರ್ ಪೆಟ್ಟಿಗೆಯನ್ನೂ ನೋಡು.

1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಕಟ್ಟಡಕ್ಕೆ ಗ್ರಾಮ ಪಂಚಾಯ್ತಿಯ ಪರವಾನಗಿ ಬೇಕು. ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ 9 ಮತ್ತು 11ನೇ ನಮೂನೆಯಲ್ಲಿ ಅಳತೆ, ಚಕ್ಕುಬಂದಿ, ಮಾಲೀಕರ ಹೆಸರು ಸಿಗುತ್ತವೆ. ಅಟ್ಟ, ಹಂಚು, ಹಲಗೆ ಬಾಗಿಲುಗಳಿಗೆ ಅಲ್ಲಿ ಜಾಗವಿಲ್ಲ. ಅದು ತೆರಿಗೆಯ ಕಾಗದ, ಅದರಿಂದ ಅಷ್ಟನ್ನೇ ನಿರೀಕ್ಷಿಸಬೇಕು. ಕರೆಂಟಿನ ಪೆಟ್ಟಿಗೆ ಕೆಲವೊಮ್ಮೆ ಹೆಚ್ಚು ಹೇಳುತ್ತದೆ. ಅದರ ಮೇಲೆ ಕೆಇಬಿ ಎಂದಿದ್ದರೆ ಪೆಟ್ಟಿಗೆ 1999ಕ್ಕೆ ಹಿಂದಿನದು, ಏಕೆಂದರೆ ಆ ವರ್ಷ ಕೆಇಬಿ ಎಂಬ ವಿದ್ಯುತ್ ಮಂಡಳಿ ಕೆಪಿಟಿಸಿಎಲ್ ಆಯಿತು. ಹೆಸ್ಕಾಂ ಬಂದದ್ದು 2002ರಲ್ಲಿ. ಸಾಲದ ಪತ್ರ, ಹಂಚಿನ ರಸೀದಿ, ಹಳೆ ಕ್ಯಾಲೆಂಡರಿನ ಹಿಂದೆ ಬರೆದ ಕೂಲಿ ಲೆಕ್ಕ, ಇವುಗಳ ಫೋಟೊ ತೆಗೆಯುವಾಗ ಮಾಲೀಕರ ಒಪ್ಪಿಗೆ ಇರಲಿ. ಹಣದ ಅಂಕಿ ಮುಚ್ಚಿಡಿ ಎಂದರೆ ಮುಚ್ಚಿಡಬೇಕು.

10. ಕಟ್ಟಿದವರ ಹೆಸರು ಬರೆ, ಒಂದು ಪ್ರತಿ ಊರಲ್ಲೇ ಇಡು.

ಕಟ್ಟಿಸಿದವರ ಹೆಸರು ಫಲಕದ ಮೇಲಿರುತ್ತದೆ. ಕಲ್ಲು ಕಡಿದವರು, ಹೊತ್ತವರು, ಮಾಡು ಏರಿದವರು, ಈಗ ಉತ್ತರ ಕರ್ನಾಟಕದಿಂದಲೋ ಬಿಹಾರ, ಬಂಗಾಳದಿಂದಲೋ ಬಂದು ಸೆಂಟ್ರಿಂಗ್ ಕಟ್ಟುವವರು ಯಾವ ಕಾಗದದಲ್ಲೂ ಇಲ್ಲ. ಅವರು ಒಪ್ಪಿದರೆ ಹೆಸರು, ಊರು, ಈ ಕೆಲಸ ಯಾರಿಂದ ಕಲಿತರು ಎಂದು ಬರೆಯಬೇಕು. ಲಕೋಟೆ ಹೇಗಿರಬೇಕೆಂಬುದಕ್ಕೆ ಒಂದು ಮಾದರಿ ಇದೆ. ಅಮೆರಿಕದಲ್ಲಿ 1933ರಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ಸರ್ಕಾರ ಕೆಲಸವಿಲ್ಲದ ವಾಸ್ತುಶಿಲ್ಪಿಗಳಿಗೆ ಕೂಲಿ ಕೊಟ್ಟು ದೇಶದ ಹಳೆ ಕಟ್ಟಡಗಳನ್ನು ಅಳತೆಯ ನಕ್ಷೆ, ಫೋಟೊ, ಲಿಖಿತ ವಿವರ ಈ ಮೂರರಲ್ಲೂ ದಾಖಲಿಸಿತು. ಆ ದಾಖಲೆ ಇಂದಿಗೂ ಎಲ್ಲರಿಗೂ ತೆರೆದಿದೆ. ನಮ್ಮಲ್ಲಿ ಅಷ್ಟು ದೊಡ್ಡ ಯೋಜನೆಗೆ ಕಾಯುವ ಅಗತ್ಯವಿಲ್ಲ. ಒಂದು ಅಂಗಡಿಗೆ ಒಂದು ಲಕೋಟೆ, ಅದರಲ್ಲಿ ಈ ಮೂರೂ ಇದ್ದರೆ ಆಯಿತು. ಫೋನಿನಲ್ಲಿರುವ ಫೋಟೊ ಫೋನಿನ ಜೊತೆಗೇ ಹೋಗುತ್ತದೆ, ಹಾಗಾಗಿ ಮುಖ್ಯವಾದ ಹತ್ತನ್ನಾದರೂ ಅಚ್ಚು ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ದಿನಾಂಕ ಮತ್ತು ಯಾವ ದಿಕ್ಕಿಗೆ ನೋಡಿ ತೆಗೆದದ್ದೆಂದು ಬರೆಯಬೇಕು. ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಹರಡುತ್ತದೆ. ಒಂದು ಪ್ರತಿ ಮಾಲೀಕರ ಮನೆಗೆ, ಇನ್ನೊಂದು ಪಂಚಾಯ್ತಿಯ ಗ್ರಂಥಾಲಯಕ್ಕೆ, ಗೋಡೆಗೆ ತಾಗದ ಕಪಾಟಿನ ಮೇಲಿನ ಖಾನೆಯಲ್ಲಿ.