ರಾಜಕೀಯ ವಿಡಂಬನೆಯ ಆಯುಷ್ಯ

ನಗೆಯು ಬೇಗನೆ ಹಳಸುವ ಪದಾರ್ಥ. ಕರುಣರಸದ ನಾಟಕವನ್ನು ಐವತ್ತು ವರುಷಗಳ ತರುವಾಯ ನೋಡಿದರೂ ಕಣ್ಣು ಒದ್ದೆಯಾದೀತು. ಹಿಂದಿನ ಚುನಾವಣೆಯ ಚೇಷ್ಟೆಯ ಮಾತನ್ನು ಇಂದು ಕೇಳಿದರೆ ತುಟಿಯೂ ಅಲುಗದು. ಹೀಗಿರುವಾಗ ರಾಜಕಾರಣವನ್ನೇ ವಸ್ತುವನ್ನಾಗಿ ಮಾಡಿಕೊಂಡ ವಿನೋದ ನಾಟಕವೊಂದು ದಶಕಗಟ್ಟಲೆ ನಡೆದರೆ ಅದರ ನಗೆ ಕೊನೆಯವರೆಗೂ ಉಳಿಯುವದೇ? ಉಳಿದರೆ ಅದು ಯಾವ ಬಲದಿಂದ?

ಈ ಪ್ರಶ್ನೆಯನ್ನು ವಿಚಾರಿಸಲು ಕನ್ನಡದಲ್ಲಿ ಎರಡು ನಾಟಕಗಳು ತಕ್ಕ ಸಾಮಗ್ರಿಯಾಗಿವೆ. ಒಂದು ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'. ಇನ್ನೊಂದು ಬೆಂಗಳೂರಿನ ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ'. ಮೊದಲನೆಯದು ಸಾವಿರಾರು ಪ್ರಯೋಗಗಳನ್ನು ಕಂಡಿತು, ಎರಡನೆಯದು ನೂರಾರನ್ನು. ಆದರೆ ಇವೆರಡೂ ಬಾಳಿದ ಬಗೆ ಒಂದೇ ಅಲ್ಲ. ನಮ್ಮ ವಿಚಾರ ಆರಂಭವಾಗುವದು ಆ ಭೇದದಿಂದಲೇ.

ಹಿರಣ್ಣಯ್ಯನವರು (1934–2019) ವೃತ್ತಿರಂಗಭೂಮಿಯ ಮನೆತನದವರು. ತಂದೆ ಕೆ. ಹಿರಣ್ಣಯ್ಯನವರು ಬಿಟ್ಟುಹೋದ ಮಂಡಳಿಯನ್ನು ನಡೆಸುತ್ತ, ರಂಗವನ್ನು ಅಧಿಕಾರದ ಎದುರಿಗೆ ಹಿಡಿದ ಕನ್ನಡಿಯನ್ನಾಗಿ ಮಾಡಿದರು. 'ಲಂಚಾವತಾರ'ವೆಂಬ ಹೆಸರಿನಲ್ಲಿಯೇ ಅರ್ಧ ನಾಟಕವಿದೆ. ದುಷ್ಟರನ್ನು ಅಳಿಸಲು ದೇವರು ಅವತಾರವೆತ್ತುವನೆಂದು ನಾವು ಕೇಳಿದ್ದೇವೆ. ಇಲ್ಲಿ ದುಷ್ಟತನವೇ ಯುಗಯುಗದಲ್ಲಿಯೂ ಅವತಾರವೆತ್ತುತ್ತದೆ. ಅವರಿಗೆ ನಾಟಕದ ಮಾತು ಗೂಟವಿದ್ದಂತೆ. ಅದಕ್ಕೆ ಆಯಾ ದಿನದ ಸುದ್ದಿಯನ್ನು ತೂಗುಹಾಕುವರು. ಬೆಳಗಿನ ಪತ್ರಿಕೆಯ ವಾರ್ತೆ ರಾತ್ರಿಯ ಆಟದಲ್ಲಿ ಮಾತಾಗುವದು. ಅಧಿಕಾರದಲ್ಲಿದ್ದವರ ಹೆಸರನ್ನೇ ಹಿಡಿದು ಆಡುವ ಆ ಎದೆಗಾರಿಕೆಯಿಂದ ಅವರು ಅನೇಕರ ಸಿಟ್ಟನ್ನು ಕಟ್ಟಿಕೊಂಡರು. ಜನರ ಪ್ರೀತಿಯನ್ನೂ ಗಳಿಸಿದರು.

'ಮುಖ್ಯಮಂತ್ರಿ'ಯ ಮಾರ್ಗ ಬೇರೆ. ಚಾಣಕ್ಯ ಸೇನರ ಕಾದಂಬರಿಯನ್ನು ರಣಜಿತ್ ಕಪೂರರು ಹಿಂದಿಯಲ್ಲಿ ನಾಟಕವಾಗಿಸಿದರು, ಅದನ್ನು ಟಿ. ಎಸ್. ಲೋಹಿತಾಶ್ವರು ಕನ್ನಡಕ್ಕೆ ತಂದರು. ಬಿ. ವಿ. ರಾಜಾರಾಂ ಅವರ ನಿರ್ದೇಶನದಲ್ಲಿ 1980ರಲ್ಲಿ ಅದು ರಂಗವೇರಿತು. ಇಲ್ಲಿ ಮಾತು ಕಟ್ಟಿಟ್ಟ ಮಾತು. ಕಾಲ್ಪನಿಕ ರಾಜ್ಯದ ಮುಖ್ಯಮಂತ್ರಿಯೊಬ್ಬನು ತನ್ನವರೇ ತಿರುಗಿಬಿದ್ದಾಗ ಕುರ್ಚಿಯನ್ನು ಉಳಿಸಿಕೊಳ್ಳಲು ಹೂಡುವ ಆಟವೇ ಕತೆ. ನಾಯಕನ ಪಾತ್ರವನ್ನು ಮಾಡಿದ ಚಂದ್ರು ಅವರ ಹೆಸರಿನ ಹಿಂದೆ 'ಮುಖ್ಯಮಂತ್ರಿ' ಎಂಬುದು ಶಾಶ್ವತವಾಗಿ ಅಂಟಿಕೊಂಡಿತು. ವಿಧಿಯ ವಿನೋದವೆಂದರೆ, 1985ರಲ್ಲಿ ಅವರು ಗೌರಿಬಿದನೂರಿನಿಂದ ವಿಧಾನಸಭೆಗೆ ಆರಿಸಿಬಂದರು. ಮುಂದೆ ಒಂದಕ್ಕಿಂತ ಹೆಚ್ಚು ಪಕ್ಷಗಳಲ್ಲಿದ್ದರು. ವಿಡಂಬನೆಯ ನಟನೇ ವಿಡಂಬನೆಯ ವಸ್ತುವಿನ ಸಭೆಯಲ್ಲಿ ಕುಳಿತಮೇಲೂ ನಾಟಕ ನಿಲ್ಲಲಿಲ್ಲ, ಜನ ನಗುವದನ್ನು ಬಿಡಲಿಲ್ಲ. ಇದು ನಟನ ಶಕ್ತಿಯೋ, ನಮ್ಮ ಮರೆವೋ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಈ ಎರಡರಲ್ಲಿ ಯಾವುದರ ನಗೆ ಹೆಚ್ಚು ಕಾಲ ಬಾಳುವಂಥದು? ಉತ್ತರವನ್ನು ಬೆಂಗಳೂರಿನಲ್ಲಿ ಕುಳಿತು ಹೇಳುವದು ಕಠಿಣ. ಅಕ್ಕಲಕೋಟದಲ್ಲಿ ಕುಳಿತು ಹೇಳುವದು ಸುಲಭವೆಂದು ನಮಗೆ ತೋರುತ್ತದೆ. ಕಾರಣವಿಷ್ಟೆ. ಅಕ್ಕಲಕೋಟವು 1956ರಲ್ಲಿ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು, 1960ರಿಂದ ಮಹಾರಾಷ್ಟ್ರದಲ್ಲಿದೆ. ನಮ್ಮ ಮತ ಮುಂಬಯಿಗೆ, ನಮ್ಮ ಮಾತು ಕನ್ನಡಕ್ಕೆ. ಬೆಂಗಳೂರಿನ ಮಂತ್ರಿಗಳನ್ನು ನಾವು ಆರಿಸುವದಿಲ್ಲ, ಇಳಿಸುವದಿಲ್ಲ. ಅವರಲ್ಲಿ ಬಹಳ ಜನರ ಹೆಸರೂ ನಮಗೆ ತಿಳಿಯದು. ಆದುದರಿಂದ ಹೆಸರಿನ ಮೇಲೆ ನಿಂತ ನಗೆ ನಮ್ಮ ಗಡಿಯವರೆಗೆ ಬರುವದರೊಳಗೆ ಸತ್ತುಹೋಗುತ್ತದೆ. ಗುಣದ ಮೇಲೆ ನಿಂತ ನಗೆ ಮಾತ್ರ ಗಡಿಯನ್ನು ದಾಟುತ್ತದೆ. ಕಾಲವು ಐವತ್ತು ವರುಷಗಳಲ್ಲಿ ಮಾಡುವ ಪರೀಕ್ಷೆಯನ್ನು ದೂರವು ನಮ್ಮಲ್ಲಿ ಒಂದೇ ಸಂಜೆಯಲ್ಲಿ ಮಾಡಿಬಿಡುತ್ತದೆ.

ಇದು ಬರಿಯ ತರ್ಕವಲ್ಲ. ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆಯ ಮಕ್ಕಳೊಡನೆ ಕುಳಿತು ನಾವು 'ಲಂಚಾವತಾರ'ದ ಹಳೆಯ ಧ್ವನಿಮುದ್ರಿಕೆಯನ್ನು ಕೇಳಿದೆವು. ಹಿಂದಿನ ಧುರೀಣರ ಹೆಸರು ಬಂದಲ್ಲಿ ಮುದ್ರಿಕೆಯೊಳಗಿನ ಸಭೆ ಗೊಳ್ಳೆಂದು ನಕ್ಕಿತು. ನಮ್ಮ ಮಕ್ಕಳು ನಮ್ಮ ಮುಖವನ್ನು ನೋಡಿದರು. ಕಚೇರಿಯಲ್ಲಿ ಕೆಲಸವಾಗಬೇಕಾದರೆ ಕೈ ಬಿಸಿ ಮಾಡಬೇಕೆಂಬ ಮಾತು ಬಂದಲ್ಲಿ ಮಕ್ಕಳೂ ನಕ್ಕರು. ಒಬ್ಬ ಹುಡುಗ, "ಸರ್, ಇದು ನಮ್ಮ ಚಾವಡ್ಯಾಗಿನ ಮಾತ ಐತಿ ಅಲ್ರೀ?" ಎಂದನು. ಮತ್ತೆ ನಗೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ, "ಉತಾರ ತಗೋಳಾಕ ರೊಕ್ಕ ಕೊಟ್ಟಾವ ನಮ್ಮಪ್ಪನ ಅದಾನ್ರೀ" ಎಂದಳು. ಯಾರೂ ನಗಲಿಲ್ಲ. ಆ ಮೌನದಷ್ಟು ಒಳ್ಳೆಯ ವಿಮರ್ಶೆಯನ್ನು ನಾವು ಬೇರೆಲ್ಲಿಯೂ ಓದಿಲ್ಲ.

ಈ ಅನುಭವದಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಮೊದಲನೆಯದು, ಆಶುಮಾತಿನ ಹಾಸ್ಯವು ಆ ರಾತ್ರಿಯ ಸಭೆಗೆ ಸೇರಿದ್ದು. ನಮ್ಮ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನೂ ದೂತಿಯೂ ಊರಿನ ಸುದ್ದಿಯನ್ನು ಕತೆಯಲ್ಲಿ ಬೆರೆಸುವರು. ಮರುದಿನ ಬೇರೆ ಊರಿನಲ್ಲಿ ಬೇರೆ ಸುದ್ದಿ. ವಸಂತ ಸಬನೀಸರ ಮರಾಠಿ ಲೋಕನಾಟ್ಯ 'ವಿಚ್ಛಾ ಮಾಝೀ ಪುರೀ ಕರಾ' (1965) ದಾದಾ ಕೋಂಡಕೆಯವರ ಬಾಯಲ್ಲಿ ಅಷ್ಟು ಕಾಲ ಬಾಳಿದ್ದೂ ಹೀಗೆಯೇ. ಇಂಥ ಮಾತನ್ನು ಮುದ್ರಿಸಿ ದೂರದರ್ಶನದಲ್ಲಿ ಮತ್ತೆ ಮತ್ತೆ ತೋರಿಸಿದಾಗ ಹರಿಯುವ ನೀರನ್ನು ಕೊಡದಲ್ಲಿ ತುಂಬಿಟ್ಟಂತಾಗುವದು. ದೋಷ ನೀರಿನದಲ್ಲ. ಹಿರಣ್ಣಯ್ಯನವರ ಆಟ ಅವರಿದ್ದಷ್ಟು ದಿನ ಹೊಸದಾಗಿಯೇ ಇತ್ತು. ಇಂದು ನಮ್ಮಲ್ಲಿರುವದು ಅದರ ಕೆಲವು ರಾತ್ರಿಗಳು ಮಾತ್ರ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಮುದ್ರಿಕೆಗಳಲ್ಲಿ ಅಲ್ಲಲ್ಲಿ ಪಾತ್ರವು ಹಿಂದೆ ಸರಿದು ಉಪದೇಶವು ಮುಂದೆ ಬರುತ್ತದೆ. ಅಲ್ಲಿ ಸಭಿಕರು ಚಪ್ಪಾಳೆ ತಟ್ಟುವರು, ನಗುವದಿಲ್ಲ. ಚಪ್ಪಾಳೆ ಒಪ್ಪಿಗೆಯ ಗುರುತು. ನಗೆ ಸಿಕ್ಕಿಬಿದ್ದವನ ಗುರುತು. ವಿಡಂಬನಕಾರನಿಗೆ ಬೇಕಾದದ್ದು ಎರಡನೆಯದು.

ಎರಡನೆಯ ಮಾತು, ಹೆಸರಿಲ್ಲದ ವಿಡಂಬನೆಗೆ ಆಯುಷ್ಯ ಹೆಚ್ಚು. ಬ್ರಿಟನ್ನಿನ ಬಿ.ಬಿ.ಸಿ.ಯು 1980ರಿಂದ 1988ರವರೆಗೆ 'ಯೆಸ್ ಮಿನಿಸ್ಟರ್' ಮತ್ತು 'ಯೆಸ್, ಪ್ರೈಮ್ ಮಿನಿಸ್ಟರ್' ಎಂಬ ವಿನೋದಮಾಲೆಗಳನ್ನು ತೋರಿಸಿತು. ಅದರ ಮಂತ್ರಿ ಯಾವ ಪಕ್ಷದವನೆಂಬುದನ್ನು ಬರೆದವರು ಹೇಳಲೇ ಇಲ್ಲ. ಮಂತ್ರಿ ಬಯಸುತ್ತಾನೆ, ಕಾರ್ಯದರ್ಶಿ ತಡೆಯುತ್ತಾನೆ, ಅಷ್ಟೇ ಕತೆ. 2001ರಲ್ಲಿ ಅದು 'ಜೀ ಮಂತ್ರೀಜೀ' ಎಂದು ಹಿಂದಿಯ ವೇಷ ಧರಿಸಿ ಭಾರತದ ದೂರದರ್ಶನ ವಾಹಿನಿಯಲ್ಲಿಯೂ ಬಂತು. ಅಲ್ಲದೆ ಮೂಲಮಾಲೆಯು 38 ಕಂತುಗಳಲ್ಲಿ ಮುಗಿಯಿತು; ನಿಲ್ಲಬೇಕಾದಲ್ಲಿ ನಿಂತಿತು. ನಮ್ಮ 'ಮುಖ್ಯಮಂತ್ರಿ'ಯ ಬಲವೂ ಇದೇ ಜಾತಿಯದು. ಶಾಸಕರನ್ನು ಎಣಿಸಿ, ಒಲಿಸಿ, ಹೆದರಿಸಿ ಕುರ್ಚಿಯನ್ನು ಉಳಿಸಿಕೊಳ್ಳುವ ಆಟ ಬೆಂಗಳೂರಿನಲ್ಲಿಯೂ ಸತ್ಯ, ಮುಂಬಯಿಯಲ್ಲಿಯೂ ಸತ್ಯ. ಜೂನ್ 2022ರಲ್ಲಿ ಮಹಾರಾಷ್ಟ್ರದ ಆಳುವ ಪಕ್ಷದ ಶಾಸಕರು ಒಡೆದು ಗುವಾಹಾಟಿಯ ಹೊಟೇಲಿಗೆ ಹೋಗಿ ಕುಳಿತಾಗ 1980ರ ಕನ್ನಡ ನಾಟಕವು ಸೊಲ್ಲಾಪುರದವರಿಗೆ ಹೊಸದಾಯಿತು.

ಇಲ್ಲಿ ಒಂದು ಕಟುವಾದ ಮಾತನ್ನು ಹೇಳದೆ ಗತಿಯಿಲ್ಲ. ರಾಜಕೀಯ ವಿಡಂಬನೆ ದೀರ್ಘಕಾಲ ಬಾಳಿತೆಂದರೆ ಅದು ಖಂಡಿಸಿದ ಕೇಡೂ ಅಷ್ಟೇ ಕಾಲ ಬಾಳಿತೆಂದು ಅರ್ಥ. ಸಾವಿರಾರು ಸಲ ನಕ್ಕಮೇಲೂ ಲಂಚ ಹೋಗಲಿಲ್ಲ. ಹಾಗಾದರೆ ನಗೆ ವ್ಯರ್ಥವೇ? ಬರಿಯ ಮಂತ್ರಿಯನ್ನು ನೋಡಿ ನಕ್ಕರೆ ವ್ಯರ್ಥವೆಂದೇ ನಮ್ಮ ಅಭಿಪ್ರಾಯ. ಅಂಥ ನಗೆ ಮನಸ್ಸಿನ ಉರಿಯನ್ನು ಆರಿಸಿ ನಮ್ಮನ್ನು ನಿದ್ದೆಗೆ ಕಳಿಸುವದು. ಮರುದಿನ ನಾವೇ ಅದೇ ಕಚೇರಿಯ ಮುಂದೆ ನೋಟನ್ನು ಮಡಚುವೆವು. ಕೊಡುವ ಕೈಯನ್ನೂ ತೋರಿಸುವ ವಿಡಂಬನೆ ಮಾತ್ರ ಹಳಸದು, ಏಕೆಂದರೆ ಆ ಕೈ ಪ್ರತಿಯೊಂದು ಸಭೆಯಲ್ಲಿಯೂ ಕುಳಿತಿರುವದು. 'ಲಂಚಾವತಾರ'ದ ಉತ್ತಮ ಭಾಗಗಳು ಈ ಜಾತಿಯವು. ಆ ಹುಡುಗಿ ಕೇಳಿಸಿಕೊಂಡದ್ದು ಇದನ್ನೇ.

ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ತರಗತಿಯಲ್ಲಿ ಹಾಸ್ಯವನ್ನು ಕಲಿಸುವಾಗ, ಅದು ನಾಟಕವಿರಲಿ, ದೂರದರ್ಶನದ ಕಾರ್ಯಕ್ರಮವಿರಲಿ, ಮಕ್ಕಳಿಂದ ಒಂದು ಅಭ್ಯಾಸವನ್ನು ಮಾಡಿಸಿರಿ. ಮಾತಿನೊಳಗಿನ ಹೆಸರುಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಓದಲಿ. ನಗೆ ಉಳಿಯಿತೋ ನೋಡಲಿ. ಉಳಿದರೆ, ಆ ನಗೆಯಲ್ಲಿ ತಾವೆಲ್ಲಿ ನಿಂತಿದ್ದೇವೆಂದು ಕೇಳಿಕೊಳ್ಳಲಿ. ಆಮೇಲೆ ಸ್ವಲ್ಪ ಹೊತ್ತು ತರಗತಿಯಲ್ಲಿ ಮೌನ ಕವಿದರೆ ಅಂಜಬೇಡಿರಿ. ಪಾಠ ನಡೆದಿದೆಯೆಂದು ತಿಳಿಯಿರಿ.