ಮನೆಯಲ್ಲಿ ಬೆಳೆದ ಚಿಂಪಾಂಜಿಯೂ ವಾಕ್ಯದ ಪುರಾವೆಯೂ: ಹಿರೇಕೆರೂರಿನ ಮಾತಿನ ನೆಲೆಯಿಂದ ಒಂದು ವಿಮರ್ಶೆ

ಚಿಂಪಾಂಜಿಯ ಮರಿಯನ್ನು ಮನೆಮಗುವಿನಂತೆ ಸಾಕಿದರೆ ಅದಕ್ಕೆ ಭಾಷೆ ಬರುವುದೇ ಎಂಬ ಪ್ರಶ್ನೆಗಾಗಿ ಅಮೆರಿಕದ ಕೆಲವು ಮನೆಗಳು ಪ್ರಯೋಗಶಾಲೆಗಳಾದವು. 1931ರಲ್ಲಿ ಕೆಲಾಗ್ ದಂಪತಿ ಏಳೂವರೆ ತಿಂಗಳ ಗುವಾಳನ್ನು ತಮ್ಮ ಹತ್ತು ತಿಂಗಳ ಮಗನೊಡನೆ ಒಂಬತ್ತು ತಿಂಗಳು ಬೆಳೆಸಿದರು. ಗುವಾ ಅನೇಕ ಆಜ್ಞೆಗಳನ್ನು ಪಾಲಿಸಿದಳು. ಒಂದು ಪದವನ್ನೂ ಆಡಲಿಲ್ಲ. ಹೇಯ್ಸ್ ದಂಪತಿಯ ಮನೆಯ ವಿಕಿ ನಾಲ್ಕು ಪದಗಳಿಗೇ ನಿಂತಳು. ಆದುದರಿಂದ ಗಾರ್ಡ್‌ನರ್ ದಂಪತಿ 1966ರಲ್ಲಿ ಬಾಯ್ಮಾತನ್ನು ಬಿಟ್ಟು, ವಾಶೋಗೆ ಅಮೆರಿಕದ ಕಿವುಡರ ಸಂಜ್ಞಾಭಾಷೆಯನ್ನು ಕಲಿಸತೊಡಗಿದರು.

ಈ ಪರಂಪರೆಯ ನಿರ್ಣಾಯಕ ವಿಮರ್ಶೆ ಹರ್ಬರ್ಟ್ ಟೆರೇಸ್ ಮತ್ತು ಸಂಗಡಿಗರ 1979ರ ಲೇಖನ. 1973ರಲ್ಲಿ ಹುಟ್ಟಿ ನ್ಯೂಯಾರ್ಕಿನ ಮನೆಯೊಂದರಲ್ಲಿ ಬೆಳೆದ ನಿಮ್ ಸುಮಾರು 125 ಸಂಜ್ಞೆಗಳನ್ನು ಕಲಿತನು. ಆದರೆ ಅವನ ಉಕ್ತಿಗಳ ಸರಾಸರಿ ಉದ್ದ ಮಗುವಿನದರಂತೆ ಬೆಳೆಯಲಿಲ್ಲ; ಅತಿ ದೀರ್ಘವಾದ ಹದಿನಾರು ಸಂಜ್ಞೆಗಳ ಉಕ್ತಿಯೂ ಕಿತ್ತಳೆ ಹಣ್ಣಿಗಾಗಿ ಮಾಡಿದ ಬೇಡಿಕೆಯ ಪುನರುಕ್ತಿಯಾಗಿತ್ತು. ಚಲನಚಿತ್ರಗಳನ್ನು ಪರಿಶೀಲಿಸಿದಾಗ ಅವನ ಸಂಜ್ಞೆಗಳಲ್ಲಿ ಬಹುಪಾಲು ಶಿಕ್ಷಕರ ಸಂಜ್ಞೆಗಳನ್ನು ಅನುಸರಿಸಿ ಬಂದವೆಂದು ತಿಳಿಯಿತು.

ಈ ತೀರ್ಮಾನವನ್ನು ನಾವು ಒಪ್ಪುತ್ತೇವೆ. ನಮ್ಮ ಆಕ್ಷೇಪವಿರುವುದು ಅಲ್ಲಿ ವಾಕ್ಯವನ್ನು ಅಳೆದ ಮಾನದಂಡದ ಬಗ್ಗೆ. ವ್ಯಾಕರಣವಿದೆಯೆಂಬುದಕ್ಕೆ ಅಲ್ಲಿ ಮೊದಲು ಹುಡುಕಿದ ಪುರಾವೆ ಪದಕ್ರಮ. ಇಂಗ್ಲಿಷಿಗೆ ಅದು ಸಹಜ. ಕನ್ನಡದ ನೆಲೆಯಿಂದ ನೋಡಿದರೆ ಅದರ ಮಿತಿ ಕೂಡಲೇ ತೋರುತ್ತದೆ. ಹಿರೇಕೆರೂರಿನ ಕಡೆಯ ಮಾತಿನಲ್ಲಿ ‘ಅವ್ವ ನನಗ ಹಣ್ಣು ಕೊಟ್ಲು’ ಎಂದರೂ ‘ಹಣ್ಣು ನನಗ ಅವ್ವ ಕೊಟ್ಲು’ ಎಂದರೂ ಕೊಟ್ಟವಳು ಅವ್ವನೇ. ‘ನಾ ಅವ್ವಗ ಹಣ್ಣು ಕೊಟ್ಟೆ’ ಎಂದೊಡನೆ ಸಂಬಂಧವು ತಿರುಗುತ್ತದೆ. ಅದನ್ನು ತಿರುಗಿಸುವವು ಚತುರ್ಥಿಯ ‘ಗ’ ಪ್ರತ್ಯಯ ಮತ್ತು ಕ್ರಿಯಾಪದದ ಕೊನೆಯ ಆಖ್ಯಾತ ಪ್ರತ್ಯಯ. ಕ್ರಮವು ಒತ್ತನ್ನು ಬದಲಿಸುತ್ತದೆ, ಪಾತ್ರಗಳನ್ನಲ್ಲ. ಪದಕ್ರಮವನ್ನೇ ಪುರಾವೆಯಾಗಿ ಹಿಡಿದವರು ನಮ್ಮ ಮಕ್ಕಳ ಮಾತಿನಲ್ಲಿಯೂ ವ್ಯಾಕರಣವನ್ನು ತಪ್ಪು ಜಾಗದಲ್ಲಿ ಹುಡುಕುವರು.

ಇದು ಕೇವಲ ಕನ್ನಡದ ಅಭಿಮಾನದ ಮಾತಲ್ಲ. ನಿಮ್‌ಗೆ ಕಲಿಸಲು ಹೊರಟ ಸಂಜ್ಞಾಭಾಷೆಯಲ್ಲಿಯೇ ‘ಕೊಡು’ ಎಂಬ ಕ್ರಿಯೆಯ ಕೈಚಲನೆ ಕೊಡುವವನಿಂದ ಪಡೆಯುವವನತ್ತ ಸಾಗುತ್ತದೆ. ದಿಕ್ಕು ಬದಲಾದರೆ ಪಾತ್ರಗಳು ಬದಲಾಗುತ್ತವೆ. ಅಂದರೆ ನಮ್ಮ ಪ್ರತ್ಯಯಗಳು ಮಾಡುವ ಕೆಲಸವನ್ನು ಅಲ್ಲಿ ದಿಕ್ಕು ಮಾಡುತ್ತದೆ. ಸಂಜ್ಞೆಗಳನ್ನು ಇಂಗ್ಲಿಷ್ ಪದಗಳ ಸಾಲಾಗಿ ಬರೆದಿಟ್ಟಾಗ ಈ ದಿಕ್ಕು ಅಳಿಸಿಹೋಗುತ್ತದೆ, ಉಳಿಯುವುದು ಕ್ರಮವೊಂದೇ. ನಿಮ್‌ಗೆ ಕಲಿಸಿದ ಸುಮಾರು ಅರವತ್ತು ಶಿಕ್ಷಕರಲ್ಲಿ ಹೆಚ್ಚಿನವರಿಗೆ ಅದು ಮನೆಮಾತೂ ಆಗಿರಲಿಲ್ಲ. ಹೀಗಾಗಿ ಅವನಿಗೆ ದೊರೆತದ್ದು ಮನೆ. ಆ ಮನೆಗೆ ಪೂರ್ಣ ಭಾಷೆಯೊಂದಿತ್ತೆಂದು ಹೇಳುವುದು ಕಷ್ಟ.

ಸರಿಯಾದ ಮಾನದಂಡದಿಂದ ಅಳೆದಿದ್ದರೆ ನಿಮ್ ಗೆಲ್ಲುತ್ತಿದ್ದನೆಂದು ನಾವು ವಾದಿಸುವುದಿಲ್ಲ. ಅನುಕರಣೆಯ ಪುರಾವೆ ಪದಕ್ರಮವನ್ನು ಅವಲಂಬಿಸಿದ್ದಲ್ಲ. ಆದರೆ 1977ರಲ್ಲಿ ಅವನನ್ನು ಹುಟ್ಟಿದ ಓಕ್ಲಹೋಮಾಕ್ಕೆ ಮರಳಿಸಲಾಯಿತು. ಮುಂದೆ ವೈದ್ಯಕೀಯ ಸಂಶೋಧನಾ ಪ್ರಯೋಗಾಲಯದ ಪಂಜರವನ್ನೂ ಕಂಡು, 2000ದಲ್ಲಿ ಟೆಕ್ಸಾಸಿನಲ್ಲಿ ಸತ್ತನು. ಮಗುವೆಂದು ಸಾಕಿದ ಜೀವಿಯಿಂದ ಇಷ್ಟು ದೊಡ್ಡ ಬೆಲೆ ತೆಗೆದುಕೊಂಡ ಪ್ರಶ್ನೆಯನ್ನು ಕನಿಷ್ಠ ಸರಿಯಾಗಿ ಕೇಳಬೇಕಿತ್ತು. ‘ವಾಕ್ಯವೆಂದರೇನು’ ಎಂಬುದನ್ನು ಒಂದೇ ಭಾಷೆಯ ರೂಢಿಯಿಂದ ನಿರ್ಧರಿಸಿ, ಬಂದ ಉತ್ತರವನ್ನು ಭಾಷಾಸಾಮಾನ್ಯದ ತೀರ್ಪೆಂದು ಸಾರಲಾಗದು.